ಕುರ್ಚಿ ಬೆಂಗಳೂರಿಗೆ ಬಂದ ಬಗೆ

ಇಸ್ರೋ ಬೆಂಗಳೂರಿನಲ್ಲೇ ಏಕಿದೆ ಎಂದು ಯಾರನ್ನಾದರೂ ಕೇಳಿ ನೋಡಿ. ಎಚ್‌ಎಎಲ್ ಇತ್ತು, ಬಿಇಎಲ್ ಇತ್ತು, ಹವೆಯೂ ಚೆನ್ನಾಗಿತ್ತು ಎನ್ನುತ್ತಾರೆ. ಮೂರೂ ಸುಳ್ಳಲ್ಲ. ಆದರೆ ಕೇಂದ್ರ ಕಚೇರಿ ಈ ಊರಿಗೆ ಬಂದದ್ದರ ಹಿಂದೆ, ತನ್ನ ವಿದ್ಯಾಸಂಸ್ಥೆಯನ್ನು ಬಿಟ್ಟು ಬರಲೊಲ್ಲದ ಒಬ್ಬ ಮೇಷ್ಟ್ರು ಹಾಕಿದ ಷರತ್ತು ಇದೆ. ಸಂಪಾದಕರು ಇಸ್ರೋ ಅಧ್ಯಕ್ಷರುಗಳ ಬಗ್ಗೆ ಬರೆಯಿರಿ ಎಂದಾಗ ಎಲ್ಲರ ಹೆಸರು, ಇಸವಿಗಳ ಪಟ್ಟಿ ಕೊಡುವುದು ಸುಲಭವಿತ್ತು. ನಾನು ಒಂದೇ ವರ್ಷದ ಕತೆಯನ್ನು ಹಿಡಿದು ಕೂತಿದ್ದೇನೆ: 1972.

1971ರ ಡಿಸೆಂಬರ್ 30ರಂದು ವಿಕ್ರಮ್ ಸಾರಾಭಾಯ್ ಕೋವಳಂನಲ್ಲಿ ನಿದ್ರೆಯಲ್ಲೇ ತೀರಿಕೊಂಡರು. ವಯಸ್ಸು 52. ತುಂಬಾ ಎಂಬ ಬೆಸ್ತರ ಹಳ್ಳಿಯಿಂದ ಮೊದಲ ರಾಕೆಟ್ ಹಾರಿಸಿ ಎಂಟು ವರ್ಷವಾಗಿತ್ತು. ಇಸ್ರೋ ಎಂಬ ಹೆಸರು ಹುಟ್ಟಿದ್ದು 1969ರ ಆಗಸ್ಟ್ 15ರಂದು. ಅಂದರೆ ಮಗು ಇನ್ನೂ ನೆಟ್ಟಗೆ ನಡೆಯಲು ಕಲಿಯುವಾಗಲೇ ತಂದೆ ಹೋದ ಹಾಗಾಯಿತು. ಹೋಮಿ ಭಾಭಾ ವಿಮಾನ ಅಪಘಾತದಲ್ಲಿ ಮಡಿದ ಮೇಲೆ ಅಣುಶಕ್ತಿ ಆಯೋಗದ ಹೊಣೆಯೂ ಸಾರಾಭಾಯ್ ಅವರ ಹೆಗಲಿಗೇ ಬಿದ್ದಿತ್ತು. ಹೀಗಾಗಿ ಒಂದೇ ರಾತ್ರಿಯಲ್ಲಿ ಎರಡು ಕುರ್ಚಿ ಖಾಲಿಯಾದವು. ಅಣುಶಕ್ತಿ ಹೋಮಿ ಸೇಠ್ನಾ ಅವರಿಗೆ ಹೋಯಿತು. ಬಾಹ್ಯಾಕಾಶಕ್ಕೆ ಯಾರು?

ಇಂದಿರಾ ಗಾಂಧಿಯವರ ಮನಸ್ಸಿನಲ್ಲಿದ್ದವರು ಸತೀಶ್ ಧವನ್. ನಮ್ಮವರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಗೆ ಅವರು 1962ರಿಂದ ನಿರ್ದೇಶಕರು. ಕರೆ ಹೋದಾಗ ಅವರು ಊರಲ್ಲಿರಲಿಲ್ಲ. ತಾವು ಓದಿದ ಅಮೆರಿಕದ ಕ್ಯಾಲ್ಟೆಕ್‌ನಲ್ಲಿ ರಜೆಯ ಮೇಲೆ ಪಾಠ, ಸಂಶೋಧನೆ ಮಾಡಿಕೊಂಡಿದ್ದರು. ಬರುತ್ತೇನೆ, ಆದರೆ ಹಿಡಿದ ಕೆಲಸ ಮುಗಿಸಿಯೇ ಎಂದರು. ಜೊತೆಗೆ ಎರಡು ಮಾತು ಮುಂದಿಟ್ಟರು: ವಿಜ್ಞಾನ ಸಂಸ್ಥೆಯ ನಿರ್ದೇಶಕ ಹುದ್ದೆ ಬಿಡುವುದಿಲ್ಲ, ಇಸ್ರೋದ ಕೇಂದ್ರ ಕಚೇರಿ ಬೆಂಗಳೂರಿನಲ್ಲಿರಬೇಕು. ಪ್ರಧಾನಿ ಎರಡಕ್ಕೂ ಒಪ್ಪಿದರು. ಸಾರಾಭಾಯ್ ಅವರ ಬಾಹ್ಯಾಕಾಶ ಸಂಸಾರವೆಲ್ಲ ಅಹಮದಾಬಾದ್ ಮತ್ತು ತಿರುವನಂತಪುರಗಳಲ್ಲಿ ಹಬ್ಬಿತ್ತು. ಧವನ್ ಬೇರೊಂದು ಊರಿನ ಮೇಷ್ಟ್ರಾಗಿದ್ದಿದ್ದರೆ ನ್ಯೂ ಬಿಇಎಲ್ ರಸ್ತೆಯ ಅಂತರಿಕ್ಷ ಭವನ ಇಂದು ಅಲ್ಲಿರುತ್ತಿರಲಿಲ್ಲವೇನೋ. ಆ ಭವನ ಏಳುವ ಮೊದಲು ಬಾಹ್ಯಾಕಾಶ ಇಲಾಖೆ ಇದ್ದದ್ದು ಕೆಂಪೇಗೌಡ ರಸ್ತೆಯ ಕಾವೇರಿ ಭವನದಲ್ಲಿ.

ಧವನ್ ಬರುವ ತನಕ, ಆ ಒಂಬತ್ತು ತಿಂಗಳು ಕುರ್ಚಿಯಲ್ಲಿ ಕೂತವರು ಎಂ.ಜಿ.ಕೆ. ಮೆನನ್. ಹಂಗಾಮಿ ಎಂಬ ಪದಕ್ಕೆ ನಮ್ಮಲ್ಲಿ ಬೆಲೆ ಕಡಿಮೆ. ಅಧ್ಯಕ್ಷರ ಸಾಲಿನ ಫೋಟೋ ನೋಡುವವರು ಮೆನನ್ ಅವರನ್ನು ದಾಟಿಕೊಂಡೇ ಹೋಗುತ್ತಾರೆ. ಇದು ಅನ್ಯಾಯ ಎಂದು ನನ್ನ ಅನಿಸಿಕೆ. ಬಾಹ್ಯಾಕಾಶ ಆಯೋಗ ಮತ್ತು ಬಾಹ್ಯಾಕಾಶ ಇಲಾಖೆ ಹುಟ್ಟಿದ್ದು 1972ರ ಜೂನ್‌ನಲ್ಲಿ, ಅವರ ಕಾಲದಲ್ಲಿ. ಅಣುಶಕ್ತಿ ಇಲಾಖೆಯ ಮಡಿಲಲ್ಲಿದ್ದ ಇಸ್ರೋಗೆ ಸ್ವಂತ ಮನೆ ಆದದ್ದು ಆಗಲೇ. ಆಯೋಗದ ಅಧ್ಯಕ್ಷ, ಇಲಾಖೆಯ ಕಾರ್ಯದರ್ಶಿ, ಇಸ್ರೋ ಅಧ್ಯಕ್ಷ ಮೂವರೂ ಒಬ್ಬರೇ ಆಗಿರುವ ಪದ್ಧತಿಗೆ ಅಡಿಪಾಯವೂ ಅದೇ. ಕಡತ ಹತ್ತು ಮೇಜು ಸುತ್ತಬೇಕಿಲ್ಲ. ಅಂದ ಹಾಗೆ, ಮೆನನ್ ಹುಟ್ಟಿದ್ದು ನಮ್ಮ ಮಂಗಳೂರಿನಲ್ಲಿ, 1928ರಲ್ಲಿ.

ಧವನ್ ಬಂದವರೇ ಸಾರಾಭಾಯ್ ಅವರ ಕನಸುಗಳನ್ನು ಬದಲಿಸಲು ಹೋಗಲಿಲ್ಲ, ಅವಕ್ಕೆ ಕಟ್ಟಡ ಕಟ್ಟಿದರು. ತಿರುವನಂತಪುರದಲ್ಲಿ ಚದುರಿಹೋಗಿದ್ದ ಘಟಕಗಳು ವಿಕ್ರಮ್ ಸಾರಾಭಾಯ್ ಹೆಸರಿನ ಒಂದೇ ಕೇಂದ್ರವಾದವು. ಅದರ ಮುಖ್ಯಸ್ಥರಾಗಿ ಬ್ರಹ್ಮಪ್ರಕಾಶ್ ಬಂದರು. ಉಪಗ್ರಹದ ಕೆಲಸ ಬೆಂಗಳೂರಿನ ಪೀಣ್ಯಕ್ಕೆ ಬಂತು. ಕೈಗಾರಿಕಾ ಪ್ರದೇಶದ ಶೆಡ್‌ಗಳಲ್ಲಿ, ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್ ಅವರ ಮುಂದಾಳತ್ವದಲ್ಲಿ ಸಿದ್ಧವಾದ 360 ಕಿಲೋ ತೂಕದ ಆರ್ಯಭಟ 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಮೇಲೇರಿತು. ಕೆಲವೇ ದಿನಗಳಲ್ಲಿ ವಿದ್ಯುತ್ ದೋಷದಿಂದ ಅದರ ಪ್ರಯೋಗಗಳು ನಿಂತವು ಎಂಬುದನ್ನೂ ಹೇಳಿಬಿಡಬೇಕು. ಹಾಗಿದ್ದರೂ ಅದರ ಚಿತ್ರ 2 ರೂಪಾಯಿ ನೋಟಿನ ಬೆನ್ನ ಮೇಲೆ ವರ್ಷಗಟ್ಟಲೆ ಊರೂರು ಸುತ್ತಿತು.

1979ರ ಆಗಸ್ಟ್ 10ರಂದು ಎಸ್‌ಎಲ್‌ವಿ-3 ರಾಕೆಟ್ ಸಮುದ್ರಕ್ಕೆ ಬಿದ್ದಾಗ ಪತ್ರಕರ್ತರ ಮುಂದೆ ಕೂತು ಹೊಣೆ ಹೊತ್ತವರು ಧವನ್. ಮರುವರ್ಷ ಜುಲೈ 18ರಂದು ಗೆದ್ದಾಗ ಆ ಯೋಜನೆಯ ನಿರ್ದೇಶಕ ಅಬ್ದುಲ್ ಕಲಾಂ ಅವರನ್ನು ಮುಂದೆ ಕಳಿಸಿದರು. ಕಲಾಂ ಇದನ್ನು ಹೋದಲ್ಲೆಲ್ಲ ಹೇಳಿದ್ದರಿಂದ ಈಗ ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಕುರ್ಚಿಯಿಂದ ಕುರ್ಚಿಗೂ ಇದೇ ನಡೆದುಬಂದಿರುವುದನ್ನು ಹೇಳುವವರು ಕಡಿಮೆ. 1984ರಲ್ಲಿ ಧವನ್ ಇಳಿದಾಗ ಆ ಸ್ಥಾನಕ್ಕೆ ಬಂದ ರಾವ್ ಸ್ವತಃ ಸಾರಾಭಾಯ್ ಅವರ ಶಿಷ್ಯರು. ಅವರ ಕಾಲದಲ್ಲಿ ಎಎಸ್‌ಎಲ್‌ವಿ 1987ರಲ್ಲೂ 1988ರಲ್ಲೂ ಸೋತಿತು. 1993ರ ಸೆಪ್ಟೆಂಬರ್‌ನಲ್ಲಿ ಪಿಎಸ್‌ಎಲ್‌ವಿಯ ಮೊದಲ ಹಾರಾಟವೂ ಕೆಟ್ಟಿತು. ಅದೇ ಪಿಎಸ್‌ಎಲ್‌ವಿ 1994ರ ಅಕ್ಟೋಬರ್‌ನಲ್ಲಿ ಗೆದ್ದಾಗ ಅಧ್ಯಕ್ಷರಾಗಿದ್ದವರು ಕಸ್ತೂರಿರಂಗನ್. 2019ರಲ್ಲಿ ಚಂದ್ರಯಾನ-2ರ ಲ್ಯಾಂಡರ್ ಚಂದ್ರನ ಮೇಲೆ ಬಿದ್ದು ಒಡೆದಾಗ ಅಧ್ಯಕ್ಷ ಶಿವನ್ ಅತ್ತರು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದಾಗ ಅವರ ನಂತರದ ಅಧ್ಯಕ್ಷ ಸೋಮನಾಥ್ ನಕ್ಕರು. ಬಿತ್ತಿದವರೊಬ್ಬರು, ಕಣ ಮಾಡಿದವರು ಮತ್ತೊಬ್ಬರು. ಹೊಸಬರು ಬಂದು ಹಳಬರನ್ನು ದೂರಿದ್ದರೆ ಈ ಸಾಲು ಇಷ್ಟು ದೂರ ಬರುತ್ತಿರಲಿಲ್ಲ.

ಹಾಸನ ಜಿಲ್ಲೆಯ ಆಲೂರಿನ ಕಿರಣ್ ಕುಮಾರ್ 2015ರಿಂದ ಮೂರು ವರ್ಷ ಈ ಹೊಣೆ ಹೊತ್ತರು. 2025ರ ಜನವರಿಯಿಂದ ವಿ. ನಾರಾಯಣನ್ ಅಲ್ಲಿದ್ದಾರೆ. ಇವರ ವಿವರವೆಲ್ಲ ಎಲ್ಲ ಕಡೆ ಸಿಗುತ್ತದೆ. ಸಿಗದಿರುವುದು ಪೀಣ್ಯದ ಆ ಶೆಡ್‌ಗಳ, ಕಾವೇರಿ ಭವನದ ಆ ಮೊದಲ ದಿನಗಳ ನೆನಪು. ಅಲ್ಲಿ ಬೆಸುಗೆ ಹಾಕಿದವರು, ಟೈಪ್ ಮಾಡಿದವರು, ಜೀಪು ಓಡಿಸಿದವರು ಈಗ ಎಪ್ಪತ್ತು ಎಂಬತ್ತು ದಾಟಿರುತ್ತಾರೆ. ನಿಮ್ಮ ಬೀದಿಯಲ್ಲಿ, ನೆಂಟರಲ್ಲಿ ಅಂಥವರಿದ್ದರೆ ಒಂದು ಸಂಜೆ ಹೋಗಿ ಕೂತು ಅವರು ಹೇಳಿದ್ದನ್ನು ಬರೆದುಕೊಳ್ಳಿ. ಹೆಸರು, ತಾರೀಖು ತಪ್ಪದೆ ಹಾಕಿ.