ಸುಪೀರಿಯರ್ ಸರೋವರದಲ್ಲಿ ಸ್ಕೂಬಾ ಡೈವಿಂಗ್

ಅಮೆರಿಕ ಮತ್ತು ಕೆನಡಾ ಗಡಿಯಲ್ಲಿರುವ ಸುಪೀರಿಯರ್ ವಿಸ್ತೀರ್ಣದಲ್ಲಿ ಜಗತ್ತಿನ ಅತಿ ದೊಡ್ಡ ಸಿಹಿನೀರಿನ ಸರೋವರ. ಗರಿಷ್ಠ ಆಳ 406 ಮೀಟರ್. ಆಳದ ನೀರು ವರ್ಷವಿಡೀ 4 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಇರುತ್ತದೆ. ಕಡಲಿನಲ್ಲಿ ಮರ ಕೊರೆದು ತಿನ್ನುವ ಹುಳುಗಳು ಸಿಹಿನೀರಿನಲ್ಲಿ ಬದುಕುವುದಿಲ್ಲ. ಇಷ್ಟು ಚಳಿಯಲ್ಲಿ ಕೊಳೆಯುವುದೂ ನಿಧಾನ. ಆದ್ದರಿಂದ ನೂರು ವರ್ಷದ ಹಿಂದೆ ಮುಳುಗಿದ ಹಡಗುಗಳೂ ಇಲ್ಲಿ ಅಚ್ಚರಿಯಾಗುವಷ್ಟು ಗಟ್ಟಿಯಾಗಿ ಉಳಿದಿವೆ. ಈ ಸರೋವರದ ಡೈವಿಂಗ್ ಚರಿತ್ರೆ ಬಹುಪಾಲು ಅವನ್ನು ಅರಸಿ ಇಳಿದವರದೇ.

1943ರಲ್ಲಿ ಫ್ರಾನ್ಸಿನ ಕೂಸ್ಟೋ ಮತ್ತು ಗಾನ್ಯಾ ರೂಪಿಸಿದ ಆಕ್ವಾಲಂಗ್ ಉಪಕರಣ ಯುದ್ಧಾನಂತರ ಅಮೆರಿಕಕ್ಕೂ ಬಂತು. ಸುಪೀರಿಯರ್‌ನಲ್ಲಿ ಅದಕ್ಕೆ ಎದುರಾದದ್ದು ಚಳಿ. ಸಿಲಿಂಡರಿನ ಒತ್ತಡದ ಗಾಳಿ ಹಿಗ್ಗುವಾಗ ತಣ್ಣಗಾಗಿ ರೆಗ್ಯುಲೇಟರಿನಲ್ಲಿ ಮಂಜುಗಡ್ಡೆ ಕಟ್ಟುತ್ತದೆ. ಕವಾಟ ತೆರೆದೇ ಉಳಿದರೆ ಗಾಳಿ ನಿಮಿಷಗಳಲ್ಲಿ ಬರಿದಾಗುತ್ತದೆ. ನೀರು ಒಳಸೇರದಂತೆ ಮುಚ್ಚಿದ ರೆಗ್ಯುಲೇಟರು ಮತ್ತು ಮೈ ಒದ್ದೆಯಾಗದ ಡ್ರೈಸೂಟು ಬಂದ ಮೇಲೆಯೇ ಇಲ್ಲಿ ಹೆಚ್ಚು ಹೊತ್ತು ಇಳಿದಿರುವುದು ಸಾಧ್ಯವಾಯಿತು.

ಆಸೆಯನ್ನೂ ಅಪಾಯವನ್ನೂ ಒಟ್ಟಿಗೆ ತೋರಿಸುವ ಹಡಗು ಗುನಿಲ್ಡಾ. ಸ್ಟ್ಯಾಂಡರ್ಡ್ ಆಯಿಲ್‌ನ ಸಿರಿವಂತ ವಿಲಿಯಂ ಹಾರ್ಕ್‌ನೆಸ್‌ನ ಈ ವಿಹಾರನೌಕೆ, ಸ್ಥಳೀಯ ದಾರಿಬಲ್ಲವನನ್ನು ಬೇಡವೆಂದು ಮುಂದುವರಿದು, 1911ರಲ್ಲಿ ಒಂಟಾರಿಯೊದ ರಾಸ್‌ಪೋರ್ಟ್ ಬಳಿ ಬಂಡೆಗೇರಿತು. ಎಳೆದು ಬಿಡಿಸುವಾಗ ವಾಲಿ ಮುಳುಗಿತು. 1967ರಲ್ಲಿ ಪತ್ತೆಯಾದ ಅದು ಸುಮಾರು 80 ಮೀಟರ್ ಆಳದಲ್ಲಿ ನೆಟ್ಟಗೆ ನಿಂತಿದೆ. ಅಷ್ಟು ಆಳದಲ್ಲಿ ಸಾಮಾನ್ಯ ಗಾಳಿಯ ನೈಟ್ರೋಜನ್ ಅಮಲೇರಿಸುತ್ತದೆ, ಆಮ್ಲಜನಕ ವಿಷವಾಗಬಲ್ಲದು. 1970 ಮತ್ತು 1989ರಲ್ಲಿ ಇಬ್ಬರು ಡೈವರ್‌ಗಳು ಅಲ್ಲಿ ಪ್ರಾಣ ಕಳೆದುಕೊಂಡರು.

ನೈಟ್ರೋಜನ್ನಿನ ಒಂದು ಪಾಲಿಗೆ ಬದಲಾಗಿ ಹೀಲಿಯಂ ಬೆರೆಸಿದ ಟ್ರೈಮಿಕ್ಸ್ ಈ ಮಿತಿಯನ್ನು ಮುಂದಕ್ಕೊಯ್ದಿತು. 1975ರ ನವೆಂಬರ್ 10ರ ಬಿರುಗಾಳಿಯಲ್ಲಿ ಅದಿರು ಸಾಗಿಸುತ್ತಿದ್ದ ಎಡ್ಮಂಡ್ ಫಿಟ್ಜ್‌ಜೆರಾಲ್ಡ್ ಹಡಗು ತನ್ನ 29 ಸಿಬ್ಬಂದಿಯೊಂದಿಗೆ ಈ ಸರೋವರದಲ್ಲಿ ಮುಳುಗಿತ್ತು. 1980ರಲ್ಲಿ ಕೂಸ್ಟೋ ತಂಡ ಪುಟ್ಟ ಜಲಾಂತರ್ಗಾಮಿಯಲ್ಲಿ ಇಳಿದು ಅದನ್ನು ನೋಡಿ ಬಂತು. 1995ರಲ್ಲಿ ಟೆರೆನ್ಸ್ ಟೈಸಾಲ್ ಮತ್ತು ಮೈಕ್ ಝೀ ಟ್ರೈಮಿಕ್ಸ್ ಉಸಿರಾಡುತ್ತ, ಸ್ಕೂಬಾ ತೊಟ್ಟೇ ಸುಮಾರು 160 ಮೀಟರ್ ಇಳಿದು ಅದನ್ನು ಮುಟ್ಟಿದರು. ಅದೇ ವರ್ಷ ಮೃತರ ಕುಟುಂಬಗಳ ಕೋರಿಕೆಯಂತೆ ಹಡಗಿನ ಗಂಟೆಯನ್ನು ಮೇಲೆತ್ತಿ, ಅದರ ಜಾಗದಲ್ಲಿ 29 ಹೆಸರು ಕೆತ್ತಿದ ಹೊಸ ಗಂಟೆಯನ್ನು ಇರಿಸಲಾಯಿತು.

ಆ ಹಡಗು ಇಂದಿಗೂ ಸಮಾಧಿಸ್ಥಳ. ಅಲ್ಲಿಗೆ ಕುತೂಹಲಕ್ಕಾಗಿ ಇಳಿಯುವುದು ತರವಲ್ಲ. 2006ರಿಂದ ಒಂಟಾರಿಯೊ ಕಾನೂನಿನಂತೆ ಪರವಾನಗಿಯಿಲ್ಲದೆ ಅದರ ಸಮೀಪ ಡೈವಿಂಗ್ ಮಾಡುವಂತಿಲ್ಲ. ಹಲವು ಹಡಗುಗಳು ಮುಳುಗಿರುವ, ಇದೇ ಸರೋವರದ ಐಲ್ ರಾಯಲ್ ರಾಷ್ಟ್ರೀಯ ಉದ್ಯಾನದಲ್ಲಿ ಡೈವಿಂಗ್‌ಗೆ ಅವಕಾಶವಿದೆ. ಆದರೆ ಮುಳುಗಿದ ಹಡಗಿನಿಂದ ಒಂದು ಮೊಳೆಯನ್ನೂ ತರುವಂತಿಲ್ಲ.