ಬೆಟ್ಟಾ (ಫೈಟರ್) ಮೀನು: ಸಣ್ಣ ಬೋಗುಣಿಯಲ್ಲಿ ಸಾಕುವವರಿಗೆ ಮಾಹಿತಿ

ಬೈಲಹೊಂಗಲ, ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗ ತಾಲ್ಲೂಕುಗಳ ಸಾರ್ವಜನಿಕರ ಉಪಯೋಗಕ್ಕಾಗಿ

1. ಪೀಠಿಕೆ

ಅಲಂಕಾರಿಕ ಮೀನುಗಳ ಅಂಗಡಿಗಳಲ್ಲಿ "ಫೈಟರ್" ಎಂಬ ಹೆಸರಿನಿಂದ ಮಾರಾಟವಾಗುವ ಮೀನೇ ಬೆಟ್ಟಾ. ಇದರ ವೈಜ್ಞಾನಿಕ ಹೆಸರು ಬೆಟ್ಟಾ ಸ್ಪ್ಲೆಂಡೆನ್ಸ್. ಇದು ಥಾಯ್ಲೆಂಡ್ ಮೂಲದ ಸಿಹಿನೀರಿನ ಮೀನಾಗಿದ್ದು, ಆ ದೇಶವು 2019ರಲ್ಲಿ ಇದನ್ನು ತನ್ನ ರಾಷ್ಟ್ರೀಯ ಜಲಚರವೆಂದು ಘೋಷಿಸಿದೆ. ಬೆಲೆ ಕಡಿಮೆ ಇರುವುದರಿಂದಲೂ, ಸಣ್ಣ ಪಾತ್ರೆಯಲ್ಲಿ ಬದುಕುತ್ತದೆಂಬ ನಂಬಿಕೆಯಿಂದಲೂ ಅನೇಕರು ಮಕ್ಕಳಿಗಾಗಿ ಇದನ್ನು ಕೊಳ್ಳುತ್ತಾರೆ. ಸರಿಯಾದ ಪಾಲನೆ ದೊರೆತಲ್ಲಿ ಈ ಮೀನು 2ರಿಂದ 4 ವರ್ಷ ಬದುಕುತ್ತದೆ. ಆದರೆ ಪಾಲನೆಯ ಮಾಹಿತಿ ಇಲ್ಲದ ಮನೆಗಳಲ್ಲಿ ಕೆಲವೇ ವಾರಗಳಲ್ಲಿ ಸಾಯುವುದುಂಟು. ಇದಕ್ಕೆ ಮುಖ್ಯ ಕಾರಣಗಳು ಕಲುಷಿತ ನೀರು, ಚಳಿ ಹಾಗೂ ಅತಿಯಾದ ಆಹಾರ. ಈ ಮೂರನ್ನೂ ಮನೆಯಲ್ಲಿಯೇ ತಡೆಗಟ್ಟಬಹುದಾಗಿದೆ.

2. ಬೋಗುಣಿಯ ಗಾತ್ರ

ಬೆಟ್ಟಾ ಮೀನಿಗೆ ಕಿವಿರುಗಳ ಜೊತೆಗೆ ಲ್ಯಾಬಿರಿಂತ್ ಎಂಬ ವಿಶೇಷ ಅಂಗವಿದ್ದು, ನೀರಿನ ಮೇಲ್ಮೈಗೆ ಬಂದು ನೇರವಾಗಿ ಗಾಳಿಯನ್ನು ಉಸಿರಾಡುತ್ತದೆ. ಆದ್ದರಿಂದ ಗಾಳಿಯ ಪಂಪ್ ಇಲ್ಲದೆಯೂ ಬದುಕಬಲ್ಲದು. ಆದರೆ ಗಾಳಿಯ ಕೊರತೆಯನ್ನು ತಾಳುವ ಮೀನು ಹೊಲಸು ನೀರನ್ನೂ ತಾಳುತ್ತದೆಂದು ಭಾವಿಸುವುದು ತಪ್ಪು. ಮೀನಿನ ಮಲ ಹಾಗೂ ಉಳಿದ ಆಹಾರದಿಂದ ಅಮೋನಿಯಾ ಎಂಬ ವಿಷಕಾರಿ ವಸ್ತು ಉತ್ಪತ್ತಿಯಾಗುತ್ತದೆ. ಇದು ಬಣ್ಣವಿಲ್ಲದ ವಸ್ತುವಾದ್ದರಿಂದ ನೀರು ತಿಳಿಯಾಗಿ ಕಂಡರೂ ಅದರಲ್ಲಿ ಇರಬಹುದು. ಒಂದೇ ಪ್ರಮಾಣದ ಕಲ್ಮಷವು 10 ಲೀಟರ್ ನೀರಿಗಿಂತ 1 ಲೀಟರ್ ನೀರಿನಲ್ಲಿ ಹತ್ತು ಪಟ್ಟು ತೀವ್ರವಾಗಿರುತ್ತದೆ.

ಈ ಕಾರಣದಿಂದ 10 ಲೀಟರ್ ಅಥವಾ ಹೆಚ್ಚಿನ ನೀರು ಹಿಡಿಯುವ ತೊಟ್ಟಿಯೇ ಉತ್ತಮ. ಬೋಗುಣಿಯೇ ಇದ್ದಲ್ಲಿ ಅದು 5 ಲೀಟರಿಗಿಂತ ಕಡಿಮೆ ಇರಬಾರದು. ಮೀನು ಹೊರಗೆ ಜಿಗಿಯುವುದರಿಂದ ಬಾಯಿಗೆ ಜಾಳಿಗೆ ಕಟ್ಟತಕ್ಕದ್ದು. ನೀರಿನ ಮಟ್ಟ ಅಂಚಿಗಿಂತ ಎರಡು ಬೆರಳು ಕೆಳಗಿರಲಿ. ಮೇಲ್ಮೈಯನ್ನು ಪೂರ್ತಿ ಮುಚ್ಚಿದಲ್ಲಿ ಮೀನಿಗೆ ಉಸಿರಾಟದ ತೊಂದರೆಯಾಗುತ್ತದೆ.

3. ನೀರು

ಅ) ನಲ್ಲಿ ನೀರು: ಕುಡಿಯುವ ನೀರಿಗೆ ಬೆರೆಸುವ ಕ್ಲೋರಿನ್ ಮನುಷ್ಯರಿಗೆ ಸುರಕ್ಷಿತವಾದರೂ ಮೀನಿನ ಕಿವಿರುಗಳಿಗೆ ಹಾನಿಕರ. ನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿ 24 ಗಂಟೆ ತೆರೆದಿಟ್ಟು ನಂತರ ಬಳಸುವುದು, ಅಥವಾ ಅಂಗಡಿಯಲ್ಲಿ ದೊರೆಯುವ ಕ್ಲೋರಿನ್ ನಿವಾರಕ ದ್ರಾವಣವನ್ನು ಸೂಚಿತ ಪ್ರಮಾಣದಲ್ಲಿ ಬೆರೆಸುವುದು.

ಆ) ಕೊಳವೆಬಾವಿ ನೀರು: ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವ ನೀರು ಗಡುಸು ನೀರಾಗಿರುತ್ತದೆ. ಇಂತಹ ನೀರಿಗೆ ಮೀನನ್ನು ಒಮ್ಮೆಲೇ ಬಿಡದೆ ನಿಧಾನವಾಗಿ ಹೊಂದಿಸಬೇಕು.

ಇ) ಶುದ್ಧೀಕರಣ ಯಂತ್ರದ ನೀರು: ಇದರಲ್ಲಿ ಲವಣಾಂಶ ತೀರ ಕಡಿಮೆ ಇರುವುದರಿಂದ ಇದೊಂದನ್ನೇ ಬಳಸುವುದು ಸೂಕ್ತವಲ್ಲ.

4. ನೀರು ಬದಲಾಯಿಸುವ ಕ್ರಮ

- 5 ಲೀಟರ್ ಬೋಗುಣಿ, ಫಿಲ್ಟರ್ ಇಲ್ಲದಿದ್ದಲ್ಲಿ: 2-3 ದಿನಗಳಿಗೊಮ್ಮೆ ಮೂರನೇ ಒಂದು ಭಾಗ.
- 10 ಲೀಟರ್ ತೊಟ್ಟಿ, ನಿಧಾನ ಹರಿವಿನ ಫಿಲ್ಟರ್ ಇದ್ದಲ್ಲಿ: ವಾರಕ್ಕೊಮ್ಮೆ ನಾಲ್ಕನೇ ಒಂದು ಭಾಗ.

ನೀರನ್ನೆಲ್ಲ ಒಮ್ಮೆಲೇ ಚೆಲ್ಲಿ, ಬೋಗುಣಿಯನ್ನು ಸೋಪಿನಿಂದ ತೊಳೆದು ಹೊಸ ನೀರು ತುಂಬುವ ರೂಢಿ ಹಲವೆಡೆ ಇದೆ. ಇದರಿಂದ ಕಲ್ಮಷವನ್ನು ಕರಗಿಸುವ ಉಪಯುಕ್ತ ಸೂಕ್ಷ್ಮಜೀವಿಗಳು ನಾಶವಾಗುತ್ತವೆ ಹಾಗೂ ಮೀನಿಗೆ ಆಘಾತವಾಗುತ್ತದೆ. ಸೋಪನ್ನು ಯಾವ ಕಾರಣಕ್ಕೂ ಬಳಸಬಾರದು. ಹೊಸ ಮೀನನ್ನು ತಂದಾಗ ಅದರ ಚೀಲವನ್ನು 15-20 ನಿಮಿಷ ಬೋಗುಣಿಯ ನೀರಿನಲ್ಲಿ ತೇಲಿಬಿಟ್ಟು, ನಂತರ ಬೋಗುಣಿಯ ನೀರನ್ನು ಸ್ವಲ್ಪ ಸ್ವಲ್ಪವಾಗಿ ಚೀಲಕ್ಕೆ ಸೇರಿಸಿ, ಕೊನೆಗೆ ಮೀನನ್ನು ಬಿಡುವುದು.

5. ತಾಪಮಾನ

ಬೆಟ್ಟಾ ಉಷ್ಣವಲಯದ ಮೀನು. ನೀರಿನ ತಾಪಮಾನ 24ರಿಂದ 28 ಡಿಗ್ರಿ ಸೆಲ್ಸಿಯಸ್ ಇರುವುದು ಸೂಕ್ತ. ಬೆಳಗಾವಿ ಜಿಲ್ಲೆಯಲ್ಲಿ ಡಿಸೆಂಬರ್-ಜನವರಿ ತಿಂಗಳ ರಾತ್ರಿಗಳು ಇದಕ್ಕಿಂತ ಬಹಳ ತಣ್ಣಗಿರುತ್ತವೆ. ಆಗ ಮೀನು ತಳದಲ್ಲಿ ಅಲುಗಾಡದೆ ಇರುವುದು, ಆಹಾರ ಬಿಡುವುದು ಕಂಡುಬರುತ್ತದೆ. ಬೋಗುಣಿಯನ್ನು ಕಿಟಕಿಯಿಂದ ದೂರ, ಒಳಕೋಣೆಯಲ್ಲಿ ಇಟ್ಟು, ರಾತ್ರಿ ಸುತ್ತಲೂ ದಪ್ಪ ಬಟ್ಟೆ ಸುತ್ತುವುದು, ಬಾಯಿ ತೆರೆದಿರಲಿ. ನೇರವಾಗಿ ಬಿಸಿನೀರು ಸುರಿಯಬಾರದು. 10 ಲೀಟರ್ ತೊಟ್ಟಿಗೆ ತಾಪಮಾನ ನಿಯಂತ್ರಣವಿರುವ ಸಣ್ಣ ಹೀಟರ್ ಅಳವಡಿಸಬಹುದು. ಬೇಸಿಗೆಯಲ್ಲಿ ನೇರ ಬಿಸಿಲು ಬೀಳುವ ಸ್ಥಳದಲ್ಲಿ ಬೋಗುಣಿ ಇಡಬಾರದು.

6. ಆಹಾರ

ಬೆಟ್ಟಾ ಕೀಟಾಹಾರಿ ಮೀನು. ಅನ್ನ, ಬ್ರೆಡ್, ಚುರುಮುರಿ ಹಾಕಬಾರದು. ಬೆಟ್ಟಾಗಾಗಿಯೇ ತಯಾರಿಸಿದ ಗುಳಿಗೆ ಆಹಾರವನ್ನು ದಿನಕ್ಕೆ ಎರಡು ಬಾರಿ, ಪ್ರತಿಬಾರಿ 2-3 ಗುಳಿಗೆಯಂತೆ ಕೊಡುವುದು. ಎರಡು ನಿಮಿಷದಲ್ಲಿ ತಿನ್ನದೆ ಉಳಿದದ್ದನ್ನು ತೆಗೆಯಬೇಕು. ವಾರಕ್ಕೊಂದು ದಿನ ಆಹಾರ ಕೊಡದಿರುವುದು ಒಳ್ಳೆಯದು. ಜಾತ್ರೆ, ಮದುವೆ ಇತ್ಯಾದಿ ಕಾರಣದಿಂದ ಮೂರು ದಿನ ಮನೆಯವರು ಊರಿನಲ್ಲಿ ಇಲ್ಲದಿದ್ದರೂ ಆರೋಗ್ಯವಂತ ದೊಡ್ಡ ಮೀನಿಗೆ ಅಪಾಯವಿಲ್ಲ. ಹೋಗುವಾಗ ಹೆಚ್ಚು ಆಹಾರ ಹಾಕಿಡುವುದೇ ಅಪಾಯ.

7. ಒಂದು ಬೋಗುಣಿಗೆ ಒಂದೇ ಮೀನು

ಗಂಡು ಬೆಟ್ಟಾ ಮೀನುಗಳು ಪರಸ್ಪರ ಕಾದಾಡಿ ತೀವ್ರವಾಗಿ ಗಾಯಗೊಳ್ಳುತ್ತವೆ. ಗಂಡು-ಹೆಣ್ಣನ್ನು ಸಣ್ಣ ಬೋಗುಣಿಯಲ್ಲಿ ಒಟ್ಟಿಗೆ ಇಡುವುದೂ ಸರಿಯಲ್ಲ. ಮನರಂಜನೆಗಾಗಿ ಪ್ರಾಣಿಗಳನ್ನು ಕಾದಾಟಕ್ಕೆ ಪ್ರಚೋದಿಸುವುದು ಪ್ರಾಣಿಗಳಿಗೆ ಹಿಂಸೆ ತಡೆ ಅಧಿನಿಯಮ, 1960ರ 11ನೇ ಪ್ರಕರಣದ ಮೇರೆಗೆ ಅಪರಾಧವಾಗಿದೆ. ಈ ಅಧಿನಿಯಮದಲ್ಲಿ "ಪ್ರಾಣಿ" ಎಂದರೆ ಮನುಷ್ಯನ ಹೊರತಾದ ಯಾವುದೇ ಜೀವಿ ಎಂದರ್ಥ. ಮೀನೂ ಇದರಲ್ಲಿ ಸೇರುತ್ತದೆ.

8. ರೋಗ ಲಕ್ಷಣಗಳು ಮತ್ತು ಕ್ರಮ

- ರೆಕ್ಕೆಯ ಅಂಚು ಹರಿದು ಕಪ್ಪಾಗುವುದು: ಸಾಮಾನ್ಯವಾಗಿ ಕಲುಷಿತ ನೀರಿನ ಪರಿಣಾಮ. ಕೆಲವು ದಿನ ಪ್ರತಿದಿನ ನಾಲ್ಕನೇ ಒಂದು ಭಾಗ ನೀರು ಬದಲಿಸುವುದು.
- ಮೈಮೇಲೆ ಉಪ್ಪಿನ ಕಾಳಿನಂತಹ ಬಿಳಿ ಚುಕ್ಕೆ: ಪರೋಪಜೀವಿ ರೋಗ. ಅಂಗಡಿಯಲ್ಲಿ ದೊರೆಯುವ ಬಿಳಿಚುಕ್ಕೆ ರೋಗದ ಔಷಧವನ್ನು ಸೂಚನೆಯಂತೆ ಪೂರ್ತಿ ಅವಧಿಗೆ ಬಳಸುವುದು.
- ಹೊಟ್ಟೆ ಉಬ್ಬುವುದು: ಎರಡು-ಮೂರು ದಿನ ಆಹಾರ ನಿಲ್ಲಿಸುವುದು. ಉಬ್ಬರದೊಂದಿಗೆ ಹುರುಪೆಗಳು ಎದ್ದು ನಿಂತಲ್ಲಿ ರೋಗ ಗಂಭೀರ. ತಜ್ಞರ ಸಲಹೆ ಪಡೆಯುವುದು.
- ಮೇಲ್ಮೈಯಲ್ಲಿ ನೊರೆಯ ಗುಳ್ಳೆಗಳು: ಇದು ರೋಗವಲ್ಲ. ಗಂಡು ಮೀನು ಮೊಟ್ಟೆಗಳಿಗಾಗಿ ಕಟ್ಟುವ ಗೂಡು.

ಮನುಷ್ಯರ ಆ್ಯಂಟಿಬಯೋಟಿಕ್ ಗುಳಿಗೆಗಳನ್ನು ನೀರಿಗೆ ಹಾಕಬಾರದು. ಬೋಗುಣಿಯನ್ನು ಮುಟ್ಟಿದ ನಂತರ ಮಕ್ಕಳು ಸೋಪಿನಿಂದ ಕೈ ತೊಳೆಯತಕ್ಕದ್ದು. ಕೈಯಲ್ಲಿ ಗಾಯವಿದ್ದಲ್ಲಿ ನೀರಿಗೆ ಕೈ ಹಾಕಬಾರದು.

9. ಕೆರೆ-ನದಿಗಳಿಗೆ ಬಿಡಬಾರದು

ಸಾಕಲಾಗದ ಮೀನನ್ನು ಮಲಪ್ರಭಾ ನದಿಗಾಗಲಿ, ಸವದತ್ತಿ ಬಳಿಯ ನವಿಲುತೀರ್ಥ ಜಲಾಶಯಕ್ಕಾಗಲಿ, ಊರ ಕೆರೆ-ಬಾವಿಗಳಿಗಾಗಲಿ ಬಿಡಬಾರದು. ಇದು ಪುಣ್ಯದ ಕೆಲಸವೆಂಬ ಭಾವನೆ ಸರಿಯಲ್ಲ. ಪರದೇಶಿ ಮೀನು ಹಾಗೂ ಅದರೊಡನೆ ಬರುವ ರೋಗಗಳಿಂದ ಸ್ಥಳೀಯ ಮೀನುಗಳಿಗೂ, ಅವುಗಳನ್ನು ನಂಬಿರುವ ಮೀನುಗಾರರಿಗೂ ನಷ್ಟವಾಗಬಹುದು. ಅಂತಹ ಮೀನನ್ನು ಅಂಗಡಿಗೆ ಅಥವಾ ಬೇರೆ ಹವ್ಯಾಸಿಗಳಿಗೆ ನೀಡುವುದು.

10. ಇಲಾಖೆಯ ಸೇವೆ

ಹವ್ಯಾಸಕ್ಕಾಗಿ ಮನೆಯಲ್ಲಿ ಬೆಟ್ಟಾ ಸಾಕಲು ಇಲಾಖೆಗೆ ಅರ್ಜಿ ಸಲ್ಲಿಸಬೇಕಾಗಿಲ್ಲ. ಅಲಂಕಾರಿಕ ಮೀನು ಸಾಕಣೆಯನ್ನು ಉದ್ಯೋಗವಾಗಿ ಕೈಗೊಳ್ಳಲು ಇಚ್ಛಿಸುವವರಿಗಾಗಿ 2020ರಲ್ಲಿ ಆರಂಭಗೊಂಡ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಹಿತ್ತಲು ಘಟಕಗಳಿಗೆ ಸಹಾಯಧನವನ್ನು ನಿಗದಿಪಡಿಸಲಾಗಿತ್ತು: ಸಾಮಾನ್ಯ ವರ್ಗಕ್ಕೆ ಘಟಕ ವೆಚ್ಚದ ಶೇ. 40, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಹಾಗೂ ಮಹಿಳೆಯರಿಗೆ ಶೇ. 60. ಪ್ರಸಕ್ತ ಸಾಲಿನಲ್ಲಿ ಲಭ್ಯವಿರುವ ಯೋಜನೆಗಳು, ಅರ್ಜಿ ನಮೂನೆ ಹಾಗೂ ಲಗತ್ತಿಸಬೇಕಾದ ದಾಖಲೆಗಳ ವಿವರಕ್ಕಾಗಿ ಸಂಬಂಧಪಟ್ಟ ತಾಲ್ಲೂಕಿನ ಸಹಾಯಕ ಮೀನುಗಾರಿಕೆ ನಿರ್ದೇಶಕರ ಕಚೇರಿಯನ್ನು ಕೆಲಸದ ವೇಳೆಯಲ್ಲಿ ಸಂಪರ್ಕಿಸಲು ಕೋರಲಾಗಿದೆ.