ಕೀಲೆಣ್ಣೆಯಿಂದ ರಬ್ಬರ್ ಬುಷ್‌ವರೆಗೆ: ಗಿರಿಯ ದಾರಿಯಲ್ಲಿ ಚಕ್ರದ ಕೀಲುಗಳ ಕಥೆ

ಹಬ್ಬಕ್ಕೋ ಮದುವೆಗೋ ಬೆಂಗಳೂರಿನಿಂದ ಊರಿಗೆ ಬರುವ ಬಂಧುಗಳಿಂದ, ಹಳೆಯ ವಿದ್ಯಾರ್ಥಿಗಳಿಂದ ಇತ್ತೀಚೆಗೆ ಒಂದು ದೂರನ್ನು ಪದೇ ಪದೇ ಕೇಳುತ್ತಿದ್ದೇನೆ. ಕಾರು ಕೊಂಡು ನಾಲ್ಕು ವರ್ಷವೂ ತುಂಬಿಲ್ಲ, ಮುಂದಿನ ಚಕ್ರದ ಬಳಿ ಕಟಕಟ ಸದ್ದು ಬರುತ್ತಿದೆ, ಗ್ಯಾರೇಜಿನವರು ಲೋಯರ್ ಆರ್ಮ್ ಬದಲಾಯಿಸಬೇಕೆನ್ನುತ್ತಾರೆ, ಇಷ್ಟು ಬೇಗ ಅದು ಹೋಗುವುದುಂಟೇ ಎಂಬುದು ಆ ದೂರು. ಸಮಾಜ ವಿಜ್ಞಾನ ಕಲಿಸಿದ ಮೇಷ್ಟ್ರಿಗೂ ಕಾರಿನ ಕೀಲಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಆದರೆ ಇದಕ್ಕೆ ಉತ್ತರ ಹುಡುಕುತ್ತ ಹೋದರೆ ನಾವು ತಲುಪುವುದು ಬಾಬಾಬುಡನ್‌ಗಿರಿಯ ರಸ್ತೆಗಳ ಚರಿತ್ರೆಯನ್ನೇ. ಆದ್ದರಿಂದ ಈ ಸಲ ಅದನ್ನೇ ಬರೆಯೋಣವೆಂದುಕೊಂಡೆ.

ಮೊದಲು ವಸ್ತುವನ್ನು ತಿಳಿದುಕೊಳ್ಳೋಣ. ಕಾರಿನ ಮುಂದಿನ ಚಕ್ರ ಮೇಲೆ ಕೆಳಗೆ ಆಡಬೇಕು, ಆದರೆ ಹಿಂದೆ ಮುಂದೆ ಸರಿಯಬಾರದು. ಈ ಎರಡು ಕೆಲಸಗಳನ್ನೂ ಒಟ್ಟಿಗೆ ನಿಭಾಯಿಸುವ ಉಕ್ಕಿನ ತೋಳಿಗೆ ಕಂಟ್ರೋಲ್ ಆರ್ಮ್ ಎಂದು ಹೆಸರು. ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಅದು ಲೋಯರ್ ಆರ್ಮ್. ಅದರ ಒಂದು ತುದಿ ಬುಷ್‌ಗಳ ಮೂಲಕ ಗಾಡಿಯ ಅಡಿಭಾಗಕ್ಕೂ ಇನ್ನೊಂದು ತುದಿ ಬಾಲ್ ಜಾಯಿಂಟ್ ಮೂಲಕ ಚಕ್ರಕ್ಕೂ ಸೇರಿರುತ್ತದೆ. ಬುಷ್ ಎಂದರೆ ಎರಡು ಉಕ್ಕಿನ ಕೊಳವೆಗಳ ನಡುವೆ ಅಂಟಿಸಿದ ರಬ್ಬರು. ಇಲ್ಲಿ ಲೋಹದ ಮೇಲೆ ಲೋಹ ತಿರುಗುವುದಿಲ್ಲ. ಚಕ್ರ ಏರಿಳಿದಾಗಲೆಲ್ಲ ರಬ್ಬರು ತಿರುಚಿಕೊಳ್ಳುತ್ತದೆ, ಮತ್ತೆ ನೇರವಾಗುತ್ತದೆ. ಅದಕ್ಕೆ ಎಣ್ಣೆ ಬೇಡ, ಗ್ರೀಸ್ ಬೇಡ. ಅಂತೆಯೇ, ಕೊನೆಯವರೆಗೂ ಅದರ ನೆನಪು ಯಾರಿಗೂ ಬರುವುದಿಲ್ಲ!

ಬಾಬಾಬುಡನರು ಯೆಮನ್ ದೇಶದಿಂದ ಏಳು ಕಾಫಿ ಬೀಜಗಳನ್ನು ತಂದು ಗಿರಿಯಲ್ಲಿ ಬಿತ್ತಿದರೆಂಬ ಐತಿಹ್ಯವನ್ನು ನಾವೆಲ್ಲ ಕೇಳಿಯೇ ಬೆಳೆದವರು. ಅದು 17ನೇ ಶತಮಾನದ ಮಾತು. ಆದರೆ ಕಾಫಿ ದೊಡ್ಡ ಬೆಳೆಯಾಗಿ ಹಬ್ಬಿದ್ದು 19ನೇ ಶತಮಾನದಲ್ಲಿ. ಬೆಳೆದ ಕಾಫಿ ಮಂಗಳೂರಿನ ಬಂದರನ್ನು ಸೇರಬೇಕಾದರೆ ಘಟ್ಟ ಇಳಿಯಲೇಬೇಕು. ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ನನ ಅವಧಿಯಲ್ಲಿ (1834–1861) ಮಲೆನಾಡಿನ ರಸ್ತೆಗಳ ಮತ್ತು ಘಟ್ಟದ ಮಾರ್ಗಗಳ ಕೆಲಸ ಚುರುಕಾಯಿತು. ಆ ದಾರಿಯಲ್ಲಿ ಇಳಿದದ್ದು ಎತ್ತಿನ ಗಾಡಿ. ಎದೆಮಟ್ಟದ ಮರದ ಚಕ್ರ, ಕಬ್ಬಿಣದ ಪಟ್ಟಿ, ಅಚ್ಚು, ಚಕ್ರ ಕಳಚದಂತೆ ತಡೆಯುವ ಕಡಾಣಿ, ಇಷ್ಟೇ ಅದರ ಯಂತ್ರಭಾಗ. ಸ್ಪ್ರಿಂಗ್ ಎಂಬುದಿರಲಿಲ್ಲ. ಸವೆಯುವ ಜಾಗ ಅಚ್ಚು ಒಂದೇ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿದ ಕೀಲೆಣ್ಣೆಯನ್ನು ಬಿದಿರಿನ ಗೊಟ್ಟದಲ್ಲಿ ತುಂಬಿ ಗಾಡಿಗೇ ತೂಗುಹಾಕಿಕೊಂಡು, ಚಕ್ರ ಕಿರುಗುಟ್ಟಿದರೆ ಇಳಿದು ಹಚ್ಚುತ್ತಿದ್ದರು. ಗಾಡಿಯವನಿಗೆ ತನ್ನ ಕೀಲಿನ ಸ್ಥಿತಿ ಸದಾ ತಿಳಿದಿರುತ್ತಿತ್ತು. ಮುಂದೆ ಹೇಳುವುದಕ್ಕೆಲ್ಲ ಇದು ಮುಖ್ಯ, ನೆನಪಿಡಿ.

ಈ ಬೆಟ್ಟಗಳಲ್ಲಿ ರಸ್ತೆಯ ಕಷ್ಟ ಎಷ್ಟೆಂಬುದಕ್ಕೆ ಇನ್ನೊಂದು ಸಾಕ್ಷಿ ಕೆಮ್ಮಣ್ಣುಗುಂಡಿ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಆರಂಭವಾದ ಮೇಲೆ ಅದಿರನ್ನು ಗುಡ್ಡದಿಂದ ಇಳಿಸಲು ರೋಪ್‌ವೇ ಕಟ್ಟಬೇಕಾಯಿತು. ಕಾಫಿಗೆ ಆ ಭಾಗ್ಯವಿರಲಿಲ್ಲ. ರೈಲು ಕಡೂರಿಗೆ ಬಂದು ಶತಮಾನ ಕಳೆದರೂ ಅಲ್ಲಿಂದ ಚಿಕ್ಕಮಗಳೂರಿಗೆ ಹಳಿ ಬಂದದ್ದು 2013ರಲ್ಲಿ. ಅಲ್ಲಿಯವರೆಗೆ ಕಾಫಿಮೂಟೆಯಿಂದ ಹಿಡಿದು ಹೆರಿಗೆಯ ನೋವು ತಿನ್ನುವ ಹೆಣ್ಣುಮಗಳವರೆಗೆ ಎಲ್ಲರೂ ರಸ್ತೆಯನ್ನೇ ನಂಬಬೇಕಿತ್ತು.

ಎತ್ತಿನ ಗಾಡಿಯ ಜಾಗಕ್ಕೆ ಬಂದದ್ದು ಜೀಪು. ಎರಡನೆಯ ಮಹಾಯುದ್ಧಕ್ಕಾಗಿ ಹುಟ್ಟಿದ ವಿಲ್ಲೀಸ್ ಜೀಪನ್ನು 1940ರ ದಶಕದ ಕೊನೆಗೆ ಮಹೀಂದ್ರ ಸಂಸ್ಥೆ ಮುಂಬಯಿಯಲ್ಲಿ ಜೋಡಿಸತೊಡಗಿತು. ಅದು ಎಸ್ಟೇಟಿಗೆ ಹೇಳಿ ಮಾಡಿಸಿದ ವಾಹನ. ಅದರಲ್ಲಿ ಲೋಯರ್ ಆರ್ಮ್ ಇಲ್ಲವೇ ಇಲ್ಲ. ಎರಡು ಚಕ್ರಗಳ ನಡುವೆ ಒಂದೇ ಗಟ್ಟಿ ಆಕ್ಸಲ್, ಅದರ ಮೇಲೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗು. ಒಂದು ರೀತಿಯಲ್ಲಿ ಇದು ಸ್ಪ್ರಿಂಗ್ ಕಂಡ ಎತ್ತಿನ ಗಾಡಿಯೇ. ಕೂತವರ ಸೊಂಟಕ್ಕೆ ಕರುಣೆಯಿಲ್ಲ ಎಂಬುದು ನಿಜ, ಆದರೆ ಒಂದು ಪಟ್ಟಿ ಮುರಿದರೂ ಉಳಿದವು ಭಾರ ಹೊರುತ್ತವೆ, ಗಾಡಿ ಕುಂಟುತ್ತಲಾದರೂ ಮನೆ ಸೇರುತ್ತದೆ. ಹತ್ತನೆಯ ತರಗತಿಯ ಪರೀಕ್ಷಾ ಕೆಲಸಕ್ಕಾಗಿ ಅಂಥ ಜೀಪುಗಳಲ್ಲಿ ಓಡಾಡಿದ ನಮ್ಮಂಥವರಿಗೆ ಆ ಕುಂಟು ನಡಿಗೆಯ ಪರಿಚಯ ಚೆನ್ನಾಗಿಯೇ ಇದೆ. ಇಂದಿಗೂ ಅತ್ತಿಗುಂಡಿಯ ಕಡೆಯಿಂದ ಝರಿ ಜಲಪಾತಕ್ಕೆ, ಹೊರನಾಡಿನ ಕಡೆಯಿಂದ ಕ್ಯಾತನಮಕ್ಕಿಗೆ ಪ್ರವಾಸಿಗರನ್ನು ಹತ್ತಿಸುವುದು ಜೀಪುಗಳೇ. ಇದಕ್ಕೆ ಕಾರಣ ಹಳೆಯದರ ಮೇಲಿನ ವ್ಯಾಮೋಹವಲ್ಲ.

ಊರಿನ ದೊಡ್ಡ ಮನೆಗಳಿಗೆ ಅಂಬಾಸಿಡರ್ ಬಂತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಈ ರೂಪ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾಯಿತು. ಅದರ ಮುಂದಿನ ಚಕ್ರಗಳು ಒಂದರ ಹಂಗಿಲ್ಲದೆ ಒಂದು ಆಡುತ್ತಿದ್ದವು. ಭಾರ ಹೊರುತ್ತಿದ್ದದ್ದು ತಿರುಚಿಕೊಳ್ಳುವ ಟಾರ್ಷನ್ ಬಾರ್ ಎಂಬ ಉಕ್ಕಿನ ಸರಳು. ಫಿಯೆಟ್ 1100 ಮತ್ತು ಅದರ ಮುಂದುವರಿಕೆಯಾದ ಪ್ರೀಮಿಯರ್ ಪದ್ಮಿನಿಯಲ್ಲಿ ಮೇಲೊಂದು ಕೆಳಗೊಂದು ತೋಳಿತ್ತು, ನಡುವೆ ಸುರುಳಿ ಸ್ಪ್ರಿಂಗ್ ಇತ್ತು. ಹೀಗೆ ತೋಳು ನಮ್ಮ ಬೆಟ್ಟಕ್ಕೆ ಬಂತು. ಆದರೆ ಆ ಕಾಲದ ಕಾರುಗಳ ಮುಂಭಾಗದ ಹಲವು ಕೀಲುಗಳಿಗೆ ಗ್ರೀಸ್ ಹಾಕುವ ನಿಪ್ಪಲ್‌ಗಳಿದ್ದವು. ಗ್ರೀಸ್ ಗನ್ ಹಿಡಿದು ಕಾರಿನ ಕೆಳಗೆ ಮಲಗುವುದು ಡ್ರೈವರನ ಕರ್ತವ್ಯಗಳಲ್ಲಿ ಒಂದಾಗಿತ್ತು. ಕೀಲೆಣ್ಣೆಯ ಗೊಟ್ಟವೇ ಗ್ರೀಸ್ ಗನ್ ಆಯಿತೆನ್ನಿ. ಕೀಲನ್ನು ಕಣ್ಣಿಂದ ನೋಡುವ ಅಭ್ಯಾಸ ಮಾತ್ರ ತಪ್ಪಿರಲಿಲ್ಲ.

ಅಭ್ಯಾಸ ತಪ್ಪಿದ್ದು 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ 1940ರ ದಶಕದಲ್ಲಿ ರೂಪಿಸಿದ ವ್ಯವಸ್ಥೆ ಅದರ ಮುಂಭಾಗದಲ್ಲಿತ್ತು. ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಸೇರಿ ಒಂದೇ ಕಂಬ, ಕೆಳಗೆ ಒಂದೇ ತೋಳು. ಹಗುರ, ಅಗ್ಗ, ಜಾಗವೂ ಕಡಿಮೆ. ಇಂದಿನ ಸಣ್ಣ ಕಾರುಗಳಲ್ಲಿ ಹೆಚ್ಚಿನವು ಈ ದಾರಿಯವೇ. ಗ್ರೀಸ್ ಗನ್‌ಗೆ ಕೆಲಸವಿಲ್ಲವಾಯಿತು.

ಇಲ್ಲಿ ಒಂದು ಲೆಕ್ಕವನ್ನು ಗಮನಿಸಿ. ಗಾಡಿಯ ಚಕ್ರ ಎದೆಮಟ್ಟ. ಹಳೆಯ ಜೀಪಿನ ರಿಮ್ 16 ಅಂಗುಲ, ಅಂಬಾಸಿಡರಿನದು 15, ಮಾರುತಿ 800ರದು 12. ದೊಡ್ಡ ಚಕ್ರ ಗುಂಡಿಯ ಮೇಲೆ ಹಾದುಹೋಗುತ್ತದೆ, ಸಣ್ಣ ಚಕ್ರ ಗುಂಡಿಯೊಳಗೆ ಇಳಿಯುತ್ತದೆ. ಚಕ್ರ ಚಿಕ್ಕದಾದಂತೆಲ್ಲ ರಸ್ತೆಯ ಏಟನ್ನು ಹೊರುವ ಹೊಣೆ ಕೀಲಿನ ಮೇಲೆ ಹೆಚ್ಚಿತು. ಅದೇ ವೇಳೆಗೆ ಕೀಲು ನಮ್ಮ ಕಣ್ಣಿಂದ ಮರೆಯಾಯಿತು. ನಮ್ಮ ಘಟ್ಟದ ರಸ್ತೆ ಮಾತ್ರ ಅಷ್ಟು ಬದಲಾಗಲಿಲ್ಲ.

ಹಾಗಾದರೆ ಆಯುಷ್ಯ ಎಷ್ಟು? ತೋಳಿನ ಉಕ್ಕು ಬಾಗದಿದ್ದರೆ, ತುಕ್ಕು ತಿನ್ನದಿದ್ದರೆ ಕಾರು ಇರುವಷ್ಟು ಕಾಲವೂ ಬಾಳಬಹುದು. ಸವೆಯುವುದು ಬುಷ್ ಮತ್ತು ಬಾಲ್ ಜಾಯಿಂಟ್. ಒಳ್ಳೆಯ ರಸ್ತೆಯಲ್ಲಿ 80,000ದಿಂದ 1,50,000 ಕಿಲೋಮೀಟರ್ ಎಂಬುದು ಸಾಮಾನ್ಯವಾಗಿ ಹೇಳುವ ಅಂದಾಜು. ನಮ್ಮ ಬೆಟ್ಟದಲ್ಲಿ ಅದರ ಅರ್ಧಕ್ಕೇ ಮುಗಿದರೂ ಆಶ್ಚರ್ಯಪಡಬೇಕಿಲ್ಲ. ಗ್ಯಾರೇಜ್ ನಡೆಸುತ್ತಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನನ್ನು ಕೇಳಿದಾಗ, "ಎಷ್ಟು ಕಿಲೋಮೀಟರ್ ಅಂತ ಕೇಳಬೇಡಿ ಸಾರ್, ಎಲ್ಲಿ ಓಡಿದ ಕಿಲೋಮೀಟರ್ ಅಂತ ಕೇಳಿ" ಎಂದ. ತರಗತಿಯಲ್ಲಿ ಅವನಿಂದ ಇಷ್ಟು ಚೊಕ್ಕ ಉತ್ತರ ಬಂದ ನೆನಪು ನನಗಿಲ್ಲ!

ಕಾರಣಗಳು ಹಲವು. ಘಟ್ಟ ಇಳಿಯುವಾಗ ಬ್ರೇಕಿನ ಮೇಲೆ ಬ್ರೇಕು ಹಾಕುತ್ತೇವೆ. ಆಗ ಚಕ್ರ ಹಿಂದಕ್ಕೆ ಜಗ್ಗುವ ಬಲವೆಲ್ಲ ಈ ಬುಷ್‌ಗಳ ಮೇಲೆಯೇ ಬೀಳುತ್ತದೆ. ತಿರುವಿನ ಮೇಲೆ ತಿರುವು, ಅದರ ಭಾರ ಬೇರೆ. ಮಳೆಗಾಲದ ಕೆಸರು ನೀರು ಬಾಲ್ ಜಾಯಿಂಟಿನ ರಬ್ಬರ್ ಟೋಪಿಯ ಸಣ್ಣ ಬಿರುಕಿನಿಂದ ಒಳನುಗ್ಗಿದರೆ, ಒಳಗಿನ ಗ್ರೀಸ್ ತೊಳೆದುಹೋಗಿ ಮಣ್ಣೇ ಅರದಂತೆ ಉಜ್ಜುತ್ತದೆ. ಎಂಜಿನ್ ಎಣ್ಣೆ ಸೋರಿ ಬುಷ್ ಮೇಲೆ ಬಿದ್ದರೆ ರಬ್ಬರು ಉಬ್ಬಿ ಮೆತ್ತಗಾಗುತ್ತದೆ. ಇನ್ನು, ಶೆಡ್ಡಿನಲ್ಲಿ ನಿಂತೇ ಇರುವ ಕಾರಿನ ರಬ್ಬರಿಗೂ ಮುಪ್ಪು ಬರುತ್ತದೆ. ಕಡಿಮೆ ಓಡಿಸಿದ್ದೇನೆ ಎಂದು ನಿಶ್ಚಿಂತರಾಗುವಂತಿಲ್ಲ.

ಸದ್ದನ್ನು ನಿರ್ಲಕ್ಷಿಸಿದರೆ ಏನಾಗುತ್ತದೆ ಎಂಬುದೇ ಇಲ್ಲಿ ಮುಖ್ಯವಾದ ಮಾತು. ಬುಷ್ ಹೋದರೆ ಬ್ರೇಕ್ ಒತ್ತಿದಾಗ ಗಾಡಿ ಒಂದು ಕಡೆಗೆ ಎಳೆಯುತ್ತದೆ, ಟೈರು ಒಂದೇ ಅಂಚಿನಲ್ಲಿ ಸವೆಯುತ್ತದೆ. ಬಾಲ್ ಜಾಯಿಂಟ್ ಪೂರ್ತಿ ಸವೆದು ಕಳಚಿಕೊಂಡರೆ ಚಕ್ರವೇ ಹೊರಕ್ಕೆ ಮಡಚಿಕೊಳ್ಳುತ್ತದೆ. ಮತ್ತೆ ಸ್ಟಿಯರಿಂಗ್ ಕೇಳುವುದಿಲ್ಲ. ಜೀಪಿನ ಪಟ್ಟಿ ಮುರಿದಾಗ ಸಿಗುತ್ತಿದ್ದ ಕುಂಟುವ ಅವಕಾಶ ಇಲ್ಲಿಲ್ಲ. ಬಯಲಿನ ಹೆದ್ದಾರಿಯಲ್ಲೇ ಇದು ಅಪಾಯ. ಚಾರ್ಮಾಡಿಯ ತಿರುವಿನಲ್ಲಿ, ಮುಳ್ಳಯ್ಯನಗಿರಿಯ ಕಿರಿದಾದ ದಾರಿಯಲ್ಲಿ ಏನಾದೀತೆಂದು ಹೇಳಬೇಕಾಗಿಲ್ಲ. 2019ರ ಆಗಸ್ಟ್ ಮಳೆಗೆ ಚಾರ್ಮಾಡಿ ಕುಸಿದು ಸಂಚಾರ ನಿಂತದ್ದನ್ನು ನೀವು ಮರೆತಿರಲಾರಿರಿ. ಗುಡ್ಡ ಕುಸಿಯುವುದನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ, ಕೀಲನ್ನು ನೋಡಿಕೊಳ್ಳುವುದು ನಮ್ಮ ಕೈಯಲ್ಲೇ ಇದೆ.

ಇದು ಸ್ವಂತ ಕಾರಿನವರಿಗಷ್ಟೇ ಸೇರಿದ ಮಾತಲ್ಲ. ತೋಟದ ಲೈನ್ ಮನೆಗಳಿಂದ ಮಕ್ಕಳನ್ನು ಶಾಲೆಗೆ ತರುವ ವ್ಯಾನು, ಕಾರ್ಮಿಕರನ್ನು ತುಂಬಿಕೊಂಡು ಹೋಗುವ ಬಾಡಿಗೆ ಗಾಡಿ, 2008ರಲ್ಲಿ ನಮ್ಮ ರಾಜ್ಯದಲ್ಲಿ ಆರಂಭವಾದ 108 ಆಂಬುಲೆನ್ಸ್, ಎಲ್ಲವೂ ಇದೇ ಗುಂಡಿಗಳಲ್ಲಿ ಇಳಿದು ಏಳುತ್ತವೆ. ರಸ್ತೆಯ ಗುಂಡಿ ಮುಚ್ಚದೆ ಉಳಿಸಿದ ಹಣವನ್ನು ಊರಿನವರೆಲ್ಲ ಚೂರುಚೂರಾಗಿ ಗ್ಯಾರೇಜಿನಲ್ಲಿ ತೆರುತ್ತಾರೆ. ಬಡ ಬಾಡಿಗೆ ಗಾಡಿಯವನು ತೆರಲಾರದೆ ಸದ್ದಿನೊಂದಿಗೇ ಓಡಿಸುತ್ತಾನೆ. ಆ ಸದ್ದಿನ ಹಿಂದೆ ಹತ್ತು ಜನ ಕುಳಿತಿರುತ್ತಾರೆ.

ಕೊನೆಯದಾಗಿ ಮೇಷ್ಟ್ರ ಚಾಳಿಯಂತೆ ಒಂದಿಷ್ಟು ಸೂಚನೆ. ಮಳೆಗಾಲದ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಕಾರನ್ನು ಎತ್ತಿಸಿ, ಬುಷ್‌ನಲ್ಲಿ ಬಿರುಕಿದೆಯೇ, ಬಾಲ್ ಜಾಯಿಂಟಿನ ಟೋಪಿ ಹರಿದಿದೆಯೇ ಎಂದು ನೀವೇ ಬಗ್ಗಿ ನೋಡಿ. ಹೊಸ ಬುಷ್ ಹಾಕಿಸಿದಾಗ ಅದರ ಬೋಲ್ಟನ್ನು ಕೊನೆಯ ಬಿಗಿ ಬಿಗಿಯುವುದು ಕಾರು ಚಕ್ರದ ಮೇಲೆ ನಿಂತಿರುವಾಗ. ಎತ್ತಿದ ಸ್ಥಿತಿಯಲ್ಲಿ ಬಿಗಿದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಆಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಲು ಮರೆಯಬೇಡಿ. ಇಳಿಜಾರಿನಲ್ಲಿ ಬ್ರೇಕನ್ನೇ ನಂಬದೆ ಚಿಕ್ಕ ಗೇರಿನಲ್ಲಿ ಇಳಿಯಿರಿ.

ಗಾಡಿಯವನು ಚಕ್ರ ಕಿರುಗುಟ್ಟಿದೊಡನೆ ಇಳಿದು ನೋಡುತ್ತಿದ್ದ. ನಾವು ಸದ್ದು ಕೇಳಿದರೆ ರೇಡಿಯೋ ಜೋರು ಮಾಡುತ್ತೇವೆ. ದೀಪಾವಳಿಗೆ ಬರುವವರು ಹೊರಡುವ ಮುಂಚೆ ಒಮ್ಮೆ ಗ್ಯಾರೇಜಿಗೆ ಹೋಗಿ ಬನ್ನಿ. ಎಸ್ಟೇಟ್ ಜೀಪುಗಳ ಹಳೆಯ ನೆನಪುಗಳು ನಿಮ್ಮಲ್ಲಿದ್ದರೆ ಬರೆದು ತಿಳಿಸಿ, ಮುಂದಿನ ಬರಹದಲ್ಲಿ ಸೇರಿಸಿಕೊಳ್ಳುತ್ತೇನೆ.